ಒಂದೇ ಹುಡುಗಿ, ಬೇರೆ ಬೇರೆ ಬಣ್ಣ: ಮುಂಕ್‌ನ ‘ಕಾಯಿಲೆಯ ಮಗು’ ಕಲ್ಲಚ್ಚನ್ನ ಮನೆಯಲ್ಲಿ ಹಾಕಬಹುದಾ?

ಫ್ಯೋರ್ಡ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಓಸ್ಲೋಗೆ ಬಂದು ಆರು ವರ್ಷ ಆಯ್ತು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಅಂದ್ರೆ ಇಷ್ಟು ದಿನ ನನಗೆ ಗೊತ್ತಿದ್ದದ್ದು ಆ ಕಿರುಚುವ ಮುಖ ಒಂದೇ. ಹೋದ ವಾರ ಬ್ಯೋರ್ವಿಕಾದಲ್ಲಿರೋ ಮುಂಕ್ ಮ್ಯೂಸಿಯಂಗೆ ಹೋಗಿದ್ದೆ. ಒಂದು ಮಬ್ಬು ಬೆಳಕಿನ ಕೋಣೆಯಲ್ಲಿ ‘ದೆ ಸೀಕೆ ಬಾರ್ನ್’, ಅಂದ್ರೆ ಕಾಯಿಲೆಯ ಮಗು, ಅನ್ನೋ ಬಣ್ಣದ ಲಿಥೋಗ್ರಾಫ್ (ಕಲ್ಲಚ್ಚು) ಇತ್ತು. 1896ರದ್ದು. ದಿಂಬಿಗೆ ಒರಗಿದ ಒಂದು ಹುಡುಗಿಯ ತಲೆ, ಪಕ್ಕದಿಂದ ಕಾಣೋ ಹಾಗೆ. ಅಷ್ಟೇ ಚಿತ್ರ. ಕೂದಲು ಬಾಚಿದ್ದಲ್ಲ, ಬೆವರಿಗೆ ಅಂಟಿ ಮತ್ತೆ ಕೆದರಿದ ಹಾಗೆ ಗೀಚು ಗೀಚು. ಒಂದು ಪ್ರತಿ ಕೆಂಪು. ಇನ್ನೊಂದರಲ್ಲಿ ಹಳದಿ ಬೆರೆತಿದೆ. ಮತ್ತೊಂದು ಬೂದು. ಅದೇ ಗೆರೆ, ಅದೇ ಹುಡುಗಿ. ಆದರೆ ಕೆಂಪಿನದರಲ್ಲಿ ಜ್ವರ ಏರ್ತಾ ಇದೆ, ಬೂದಿನದರಲ್ಲಿ ಎಲ್ಲ ಮುಗಿದಿದೆ ಅನ್ನಿಸ್ತು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಬರುವಾಗ ಕೆಂಪು ಪ್ರತಿಯ ಪೋಸ್ಟರ್ ತಂದೆ. ಶಿವಮೊಗ್ಗದಿಂದ ಅಮ್ಮ ಬಂದಿದ್ದಾರೆ. ಬಿಚ್ಚಿ ತೋರಿಸಿದ್ರೆ, “ಕಾಯಿಲೆ ಬಿದ್ದ ಮಗೂನ್ನ ಯಾರಾದ್ರೂ ಗೋಡೆಗೆ ಹಾಕ್ತಾರೇನೋ? ನಿನ್ನ ಮಗಳು ಓಡಾಡೋ ಮನೆ ಇದು” ಅಂದ್ರು. ಹೆಂಡತಿಯೂ ಅವರ ಕಡೆ.

ಎರಡು ಪ್ರಶ್ನೆ. ಒಂದು, ಇಷ್ಟು ಬಣ್ಣದಲ್ಲಿ ಇದೆಯಲ್ಲ, ಅಸಲಿ ಯಾವುದು? ಎರಡು, ನೀವಾಗಿದ್ರೆ ಹಾಕ್ತಿದ್ರಾ?

ಮಲ್ಲಿಗೆ_ಮೊಗ್ಗು
ಹಾಕ್ತಿರಲಿಲ್ಲ. ಅಮ್ಮನ ಮಾತು ಕೇಳಿ.

ಓದುಗ 77
ಶಕುನ ಅಪಶಕುನ ಅಂತ ನೋಡಿದ್ರೆ ಜಗತ್ತಿನ ಅರ್ಧ ಕಲೆಯನ್ನ ಅಟ್ಟಕ್ಕೆ ಹಾಕಬೇಕಾಗುತ್ತೆ. ಧಾರಾಳವಾಗಿ ಹಾಕಿ ಸರ್.

ಗುಂಡಪ್ಪನ_ಅಂಗಡಿ
ಇದು ಅವನ ಮಗಳಾ? ಪಾಪ.

ಚಿತ್ರಪಟ
@ಗುಂಡಪ್ಪನ_ಅಂಗಡಿ ಮಗಳಲ್ಲ. ಮುಂಕ್‌ಗೆ ಮದುವೆಯೇ ಆಗಲಿಲ್ಲ. ಇದರ ಹಿಂದಿರೋದು ಅವನ ಅಕ್ಕ ಸೋಫಿ. ಅವನಿಗೆ ಐದು ವರ್ಷ ಇದ್ದಾಗ, 1868ರಲ್ಲಿ, ತಾಯಿ ಕ್ಷಯದಿಂದ ತೀರಿಕೊಂಡ್ರು. 1877ರಲ್ಲಿ ಅದೇ ಕ್ಷಯ ಸೋಫಿಯನ್ನ ಕೊಂಡೊಯ್ತು, ಹದಿನೈದು ವರ್ಷಕ್ಕೆ. ಅಪ್ಪ ಸೈನ್ಯದ ಡಾಕ್ಟರ್. ಡಾಕ್ಟರ್ ಆಗಿದ್ದೂ ಹೆಂಡತಿ, ಮಗಳು ಇಬ್ಬರನ್ನೂ ಉಳಿಸಿಕೊಳ್ಳೋಕೆ ಆಗಲಿಲ್ಲ. ಮಕ್ಕಳನ್ನ ಸಾಕಿದ್ದು ತಾಯಿಯ ತಂಗಿ ಕಾರೆನ್ ಚಿಕ್ಕಮ್ಮ.

ಮೊದಲು ಬಂದದ್ದು ಎಣ್ಣೆ ಬಣ್ಣದ ಚಿತ್ರ, 1885-86ರದ್ದು. ಅದು ಓಸ್ಲೋದ ನ್ಯಾಷನಲ್ ಮ್ಯೂಸಿಯಂನಲ್ಲೇ ಇದೆ, ಫ್ಯೋರ್ಡ್ ಅವರೇ, ತಪ್ಪದೆ ಹೋಗಿ ನೋಡಿ. ಅದರಲ್ಲಿ ಕುರ್ಚಿಯಲ್ಲಿ ಕೂತ ಹುಡುಗಿ, ಅವಳ ಪಕ್ಕ ತಲೆ ತಗ್ಗಿಸಿ ಕೂತ ಹೆಂಗಸು, ಒಂದು ಕಡೆ ಔಷಧಿ ಬಾಟಲಿ, ಇನ್ನೊಂದು ಕಡೆ ಲೋಟ. ಆ ಹೆಂಗಸಿಗೆ ಮಾದರಿಯಾಗಿ ಕೂತವರು ಇದೇ ಕಾರೆನ್ ಚಿಕ್ಕಮ್ಮ. ಹುಡುಗಿಗೆ ಮಾದರಿ ಬೆಟ್ಸಿ ನೀಲ್ಸೆನ್ ಅಂತ ಹನ್ನೊಂದು ವರ್ಷದ ಕೆಂಗೂದಲ ಹುಡುಗಿ. ಅಪ್ಪನ ಜೊತೆ ರೋಗಿಗಳ ಮನೆಗೆ ಹೋದಾಗ ಕಣ್ಣಿಗೆ ಬಿದ್ದವಳು.

ಓದುಗ 77
ಒಂದು ಸಣ್ಣ ವಿಷಯ. ಎಲ್ಲರೂ ‘ಮುಂಚ್’ ಅಂತಾರೆ, ಟಿವಿಯಲ್ಲೂ ಹಾಗೇ. ‘ಮುಂಕ್’ ಸರಿ. ಶೀರ್ಷಿಕೆಯಲ್ಲಿ ಸರಿಯಾಗಿ ಬರೆದಿದ್ದೀರಿ, ಖುಷಿ ಆಯ್ತು.

ಶಿಲೆ_ಮಸಿ
‘ಅಸಲಿ ಯಾವುದು’ ಅನ್ನೋ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ. ಎಲ್ಲವೂ ಅಸಲಿ.

ನಾನು ಮೈಸೂರಿನಲ್ಲಿ ಪ್ರಿಂಟ್‌ಮೇಕಿಂಗ್ ಕಲಿತವಳು, ಕಲ್ಲಿನ ಮೇಲೆ ಕೆಲಸ ಮಾಡಿದ್ದೀನಿ. ಲಿಥೋ ಅಂದ್ರೆ ಕಲ್ಲು. ಬವೇರಿಯಾದ ಸೋಲ್ನ್‌ಹೋಫೆನ್‌ನ ಸುಣ್ಣದ ಕಲ್ಲು ಇದಕ್ಕೆ ಹೆಸರುವಾಸಿ. ಮರಳುಪುಡಿ, ನೀರು ಹಾಕಿ ಒಂದು ಕಲ್ಲನ್ನ ಇನ್ನೊಂದು ಕಲ್ಲಿನಿಂದ ಉಜ್ಜಿ ಉಜ್ಜಿ ಮಟ್ಟ ಮಾಡಬೇಕು. ರಟ್ಟೆ ಬಿದ್ದುಹೋಗುತ್ತೆ. ಆಮೇಲೆ ಜಿಡ್ಡಿನ ಬಳಪದಲ್ಲಿ ಬರೆಯೋದು. ಬೆರಳು ತಾಗಿದ್ರೂ ಆ ಜಿಡ್ಡು ಕಲ್ಲಿಗೆ ಹಿಡಿದು ಅಚ್ಚಿನಲ್ಲಿ ಕಾಣುತ್ತೆ, ಅದಕ್ಕೇ ಕೈ ಎತ್ತಿ ಹಿಡಿದೇ ಬರೀತೀವಿ. ಗೋಂದಿನ ನೀರಿಗೆ ಒಂದೆರಡು ಹನಿ ಆಸಿಡ್ ಬೆರೆಸಿ ಸವರಿದ್ರೆ ಬರೆದ ಜಾಗ ಮಸಿ ಹಿಡಿಯುತ್ತೆ, ಖಾಲಿ ಜಾಗ ನೀರು ಹಿಡಿಯುತ್ತೆ. ಎಣ್ಣೆಗೂ ನೀರಿಗೂ ಆಗಿಬರಲ್ಲ, ಇಡೀ ವಿದ್ಯೆ ನಿಂತಿರೋದೇ ಅದರ ಮೇಲೆ. ಪ್ರತಿ ಬಣ್ಣಕ್ಕೂ ಒಂದೊಂದು ಕಲ್ಲು. ಅದೇ ಹಾಳೆ ಪ್ರತಿ ಕಲ್ಲಿನ ಮೇಲೂ ಹೋಗಿ ಬರಬೇಕು, ಕೂದಲೆಳೆ ಜರುಗಿದ್ರೂ ಮುಖ ಎರಡೆರಡಾಗಿ ಕಾಣುತ್ತೆ.

ಮುಂಕ್ ಇದನ್ನ ಅಚ್ಚು ಹಾಕಿಸಿದ್ದು ಪ್ಯಾರಿಸ್‌ನಲ್ಲಿ, ಓಗುಸ್ತ್ ಕ್ಲೋ ಅನ್ನೋ ಮುದ್ರಕನ ಹತ್ರ. ತುಲೂಸ್-ಲೋತ್ರೆಕ್, ಬೊನಾರ್ ಥರದ ಹೆಸರಾಂತ ಚಿತ್ರಕಾರರಿಗೆಲ್ಲ ಅಚ್ಚು ಹಾಕಿಕೊಟ್ಟವನು ಅವನು. ಜರ್ಮನ್ ಕಲಾವಿದ ಪೌಲ್ ಹೆರ್ಮಾನ್ ಹೇಳಿದ ಒಂದು ಪ್ರಸಂಗ ಇದೆ. ಅವನು ಕ್ಲೋನ ಕಾರ್ಖಾನೆಗೆ ಹೋದಾಗ ಕಲ್ಲುಗಳು ಸಾಲಾಗಿ ಸಿದ್ಧವಾಗಿದ್ವಂತೆ. ಮುಂಕ್ ಅವುಗಳ ಮುಂದೆ ನಿಂತು, ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸುತ್ತಾ ಒಂದೊಂದೇ ಬಣ್ಣದ ಹೆಸರು ಹೇಳ್ತಾ ಹೋದನಂತೆ. ಮುದ್ರಕ ಹಾಗೇ ಅಚ್ಚು ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಬೇರೆ ಬಣ್ಣಗಳನ್ನ ಹೇಳಿದನಂತೆ.

ಅಂದ್ರೆ ಕೆಂಪು ಅಸಲಿ, ಬೂದು ನಕಲು ಅನ್ನೋ ಹಾಗಿಲ್ಲ. ಅದೇ ಕಲ್ಲಿಗೆ ಮತ್ತೆ ಮತ್ತೆ ಹೋಗಿ ಬೇರೆ ಬಣ್ಣದಲ್ಲಿ ಕೇಳಿಕೊಂಡಿದ್ದಾನೆ.

ಫ್ಯೋರ್ಡ್_ಕನ್ನಡಿಗ
@ಶಿಲೆ_ಮಸಿ ಮೇಡಂ, ತುಂಬಾ ಥ್ಯಾಂಕ್ಸ್. “ಬೇರೆ ಬಣ್ಣದಲ್ಲಿ ಕೇಳಿಕೊಂಡಿದ್ದಾನೆ” ಅಂದ್ರಲ್ಲ, ಅಲ್ಲಿ ನಿಂತಾಗ ನನಗೂ ಹಾಗೇ ಅನ್ನಿಸಿತ್ತು, ಹೇಳೋಕೆ ಮಾತು ಸಿಕ್ಕಿರಲಿಲ್ಲ.

ಕುಡ್ಲದವ
ಕಲ್ಲಚ್ಚು ಅಂದಕೂಡಲೇ ನಮ್ಮ ಊರು ನೆನಪಾಯ್ತು ಮಾರಾಯ್ರೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ಕ್ಕೆ ಹೊರಟದ್ದು ಕಲ್ಲಚ್ಚಿನಲ್ಲೇ, ಗೊತ್ತುಂಟಾ? ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ್ದು. ಅಕ್ಷರಗಳನ್ನೂ ಕಲ್ಲಿನಿಂದಲೇ ಅಚ್ಚು ತೆಗೆದದ್ದು. ಜುಲೈ 1 ಇವತ್ತಿಗೂ ನಮ್ಮಲ್ಲಿ ಪತ್ರಿಕಾ ದಿನ.

ಓದುಗ 77
ಒಳ್ಳೆ ಮಾಹಿತಿ, ಆದ್ರೆ ಮುಂಕ್‌ಗೂ ಅದಕ್ಕೂ ಏನು ಸಂಬಂಧ?

ಕುಡ್ಲದವ
ಕಲ್ಲಿನ ಸಂಬಂಧ! 😊

ಹಳೇ_ಮೈಸೂರು
ಇನ್ನೂ ಹತ್ತಿರದ ಸಂಬಂಧ ಇದೆ. ರವಿವರ್ಮ ಬೊಂಬಾಯಿಯಲ್ಲಿ ತನ್ನ ಪ್ರೆಸ್ ಶುರು ಮಾಡಿದ್ದು 1894ರಲ್ಲಿ. ನಮ್ಮಜ್ಜಿ ಮನೆ ದೇವರಕೋಣೆಯಲ್ಲಿದ್ದ ಲಕ್ಷ್ಮಿ, ಸರಸ್ವತಿ ಪಟಗಳೂ ಬಣ್ಣದ ಕಲ್ಲಚ್ಚೇ. ಮುಂಕ್ ಪ್ಯಾರಿಸ್‌ನಲ್ಲಿ ಕಲ್ಲಿನ ಮುಂದೆ ನಿಂತಿದ್ದ ವರ್ಷಗಳಲ್ಲೇ ಇಲ್ಲೂ ಕಲ್ಲಿನಿಂದ ಲಕ್ಷ್ಮಿ ಹೊರಬರ್ತಾ ಇದ್ಲು. ನಮ್ಮ ಜನಕ್ಕೆ ಲಿಥೋಗ್ರಾಫ್ ಹೊಸದೇನಲ್ಲ. ಹೆಸರು ಗೊತ್ತಿಲ್ಲದೆ ನೂರು ವರ್ಷ ಕುಂಕುಮ ಇಟ್ಟು ಪೂಜೆ ಮಾಡಿದ್ದೀವಿ.

ಚಿತ್ರಪಟ
ಒಪ್ಪಿದೆ, ಆದ್ರೆ ಎರಡರ ಉದ್ದೇಶ ತದ್ವಿರುದ್ಧ. ರವಿವರ್ಮ ಪ್ರೆಸ್‌ನವರು ಸಾಲು ಸಾಲು ಕಲ್ಲು ಬಳಸ್ತಾ ಇದ್ದದ್ದು ಎಣ್ಣೆಚಿತ್ರದ ಹಾಗೇ ಕಾಣಲಿ ಅಂತ, ಪ್ರತಿ ಪಟವೂ ಹಿಂದಿನದರ ತದ್ರೂಪು ಆಗಿರಬೇಕು ಅಂತ. ಎಲ್ಲ ಮನೆಯ ಲಕ್ಷ್ಮಿಯೂ ಒಂದೇ ಲಕ್ಷ್ಮಿ ಆಗಿರಬೇಕು ತಾನೇ? ಮುಂಕ್ ಅದೇ ಕಲ್ಲುಗಳಿಂದ ಒಂದು ಹಾಳೆ ಇನ್ನೊಂದರ ಹಾಗೆ ಇರದ ಹಾಗೆ ಮಾಡಿದ. ಸತ್ತ ಅಕ್ಕನ ಮುಖ ಒಂದೊಂದು ದಿನ ಒಂದೊಂದು ಥರ ನೆನಪಾಗುತ್ತಲ್ಲ, ಹಾಗೆ.

ಹಳೇ_ಮೈಸೂರು
ಈ ಮಾತು ಚೆನ್ನಾಗಿದೆ. ಒಪ್ಪಿಕೊಂಡೆ.

ಗುಂಡಪ್ಪನ_ಅಂಗಡಿ
ಗೂಗಲ್‌ನಲ್ಲಿ ಹುಡುಕಿದೆ. ಕೈಯಲ್ಲಿ ಗುಲಾಬಿ ಹಿಡಿದು ಬಿಳಿ ಬಟ್ಟೆಯಲ್ಲಿ ನಮ್ಮನ್ನೇ ನೋಡ್ತಾ ಕೂತಿದ್ದಾಳಲ್ಲ, ಇವಳೇನಾ? ನೀವು ಪಕ್ಕದಿಂದ ಕಾಣ್ತಾಳೆ ಅಂದ್ರಿ.

ಚಿತ್ರಪಟ
ಅದು ಬೇರೆ ಚಿತ್ರ. ಕ್ರಿಸ್ಟಿಯಾನ್ ಕ್ರೋಗ್ ಬರೆದದ್ದು, 1881. ಮುಂಕ್‌ಗೆ ಗುರುವಿನ ಹಾಗಿದ್ದವನು. ಆ ಕಾಲದಲ್ಲಿ ಕಾಯಿಲೆ ಮಕ್ಕಳ ಚಿತ್ರ ಎಲ್ಲರೂ ಬರೀತಿದ್ರು. ಮುಂಕ್ ಆ ಕಾಲಕ್ಕೆ ‘ದಿಂಬಿನ ಯುಗ’ ಅಂತ ಹೆಸರಿಟ್ಟಿದ್ದ. ಉಳಿದವರು ಯಾರೂ ತನ್ನ ಹಾಗೆ ಆ ನೋವನ್ನ ಕೊನೇ ತನಕ ಬದುಕಿ ಬರೆದವರಲ್ಲ ಅನ್ನೋದು ಅವನ ವಾದ.

ಓದುಗ 77
ಈ ವಾದವನ್ನ ನಾನು ಒಪ್ಪಲ್ಲ. ಕ್ರೋಗ್‌ನ ತಂಗಿಯೂ ಕ್ಷಯದಿಂದಲೇ ಸತ್ತದ್ದು. ಅವನೂ ಕಂಡದ್ದನ್ನೇ ಬರೆದ. ನುಣುಪಾಗಿ ಬರೆದ ಮಾತ್ರಕ್ಕೆ ಅವನ ದುಃಖ ಕಮ್ಮಿ ಅಂತ ಹೇಗೆ ಹೇಳ್ತೀರಿ? ಆ ಗುಲಾಬಿ ಹುಡುಗಿ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ನನಗೆ ಮುಂಕ್‌ನದಕ್ಕಿಂತ ಅದೇ ಹೆಚ್ಚು ಕಾಡಿದ್ದು.

ಶಿಲೆ_ಮಸಿ
@ಓದುಗ 77 ದುಃಖ ಕಮ್ಮಿ ಅಂತ ನಾನಂತೂ ಹೇಳಲ್ಲ. ವ್ಯತ್ಯಾಸ ಇರೋದು ಚಿತ್ರದ ಮೈಯಲ್ಲಿ. ಮುಂಕ್‌ನ ಮೊದಲ ಎಣ್ಣೆಚಿತ್ರದ ಮೇಲ್ಮೈ ಹತ್ತಿರದಿಂದ ನೋಡಿ, ಬಣ್ಣ ಹಚ್ಚಿ ಕೆರೆದು, ಮತ್ತೆ ಹಚ್ಚಿ ಮತ್ತೆ ಕೆರೆದ ಗೀರುಗಳು. ಸುಮಾರು ಒಂದು ವರ್ಷ ಹೀಗೇ ಮಾಡಿದ್ದಾನೆ. 1886ರ ಶರತ್ಕಾಲದ ಪ್ರದರ್ಶನದಲ್ಲಿ ‘ಅಧ್ಯಯನ’ ಅನ್ನೋ ಹೆಸರಲ್ಲಿ ಇಟ್ಟಾಗ ವಿಮರ್ಶಕರು ಉಗಿದ್ರು, ಮುಗಿಸದೇ ಬಿಟ್ಟ ಚಿತ್ರ ಅಂದ್ರು. ಆಗ ಆ ಚಿತ್ರವನ್ನ ಅವನು ಕೊಟ್ಟದ್ದು ಯಾರಿಗೆ ಗೊತ್ತಾ? ಇದೇ ಕ್ರೋಗ್‌ಗೆ.

ಓದುಗ 77
ಅದು ಗೊತ್ತಿರಲಿಲ್ಲ. ಕ್ರೋಗ್ ದೊಡ್ಡ ಮನುಷ್ಯ.

ಧಾರವಾಡ_ಫೇಡೆ
ಅಣ್ಣಾರ, ನಿಮ್ಮ ಅವ್ವ ಹೇಳಿದ್ದು ಖರೆ ಐತ್ರಿ. ನಾ ಕಲಾ-ಗಿಲಾ ತಿಳಿದಾಕಿ ಅಲ್ಲ, ಆದ್ರ ಒಂದು ಮಾತು ಹೇಳ್ತೀನಿ. ನಮ್ಮ ಅಜ್ಜಿ ತಂಗಿ ಹದಿನೇಳು ವರ್ಷಕ್ಕ ಕ್ಷಯ ಆಗಿ ಹೋದಳಂತ. ಹಿತ್ತಲದಾಗ ಒಂದು ಖೋಲಿ, ಆಕಿ ತಾಟು, ಆಕಿ ವಾಟಗಾ ಎಲ್ಲಾ ಬ್ಯಾರೆ. ಊಟ ಹೊಸ್ತಿಲದಾಗ ಇಟ್ಟು ಬರತಿದ್ರಂತ. ಅಜ್ಜಿ ಒಬ್ಬಾಕಿ ಮಾತ್ರ ಯಾರೂ ಇಲ್ದಾಗ ಒಳಗ ಹೋಗಿ ತಲಿ ಬಾಚತಿದ್ದಳಂತ. ಸತ್ತ ಮ್ಯಾಲೆ ಆ ಹಣಗಿ ಸುಡಾಕ ಹೇಳಿದ್ರ ಅಜ್ಜಿ ಮುಚ್ಚಿಟ್ಟಿದ್ದಳು. ನಾ ನೋಡೀನಿ ಅದನ್ನ, ಕಟಗಿ ಹಣಗಿ, ಎರಡು ಹಲ್ಲು ಮುರದಾವು. ಸಾಯೂತನಕ ಆಕಿ ಹೆಸರು ಮನ್ಯಾಗ ಯಾರೂ ಎತ್ತಲಿಲ್ಲ. ಅಂಥಾದ್ದನ್ನ ಕಂಡವರಿಗೆ ಗ್ವಾಡಿ ಮ್ಯಾಲೆ ಈ ಚಿತ್ರ ಹಾಕು ಅಂದ್ರ ಹೆಂಗ್ರಿ?

ಮಲ್ಲಿಗೆ_ಮೊಗ್ಗು
ಅಕ್ಕಾ, ಓದಿ ಕಣ್ಣು ತುಂಬಿತು. ಆ ಕೂದಲು... ಚಿತ್ರದಲ್ಲೂ ಕೂದಲೇ ಮೊದಲು ಕಾಣೋದು.

ಚಿತ್ರಪಟ
@ಧಾರವಾಡ_ಫೇಡೆ ಅಕ್ಕಾರ, ನಿಮ್ಮ ಅಜ್ಜಿ ಹಣಿಗೆ ಉಳಿಸಿಕೊಂಡ್ರು. ಮುಂಕ್ ಸೋಫಿ ಕೊನೆಗೆ ಕೂತಿದ್ದ ಕುರ್ಚಿಯನ್ನ ಉಳಿಸಿಕೊಂಡಿದ್ದ. ಈಗ ಅದು ಮುಂಕ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ವೈದ್ಯ_ನಿವೃತ್ತ
ನಲವತ್ತು ವರ್ಷ ಎದೆರೋಗದ ವಿಭಾಗದಲ್ಲಿದ್ದವನು, ನಾಲ್ಕು ಮಾತು ಬರೆಯುತ್ತೇನೆ. ಸೋಫಿ ಸತ್ತ 1877ರಲ್ಲಿ ಕ್ಷಯಕ್ಕೆ ಕಾರಣ ಏನೆಂದೇ ಯಾರಿಗೂ ತಿಳಿದಿರಲಿಲ್ಲ. ರಾಬರ್ಟ್ ಕಾಖ್ ಆ ರೋಗಾಣುವನ್ನು ತೋರಿಸಿದ್ದು 1882ರ ಮಾರ್ಚ್ 24ರಂದು, ಐದು ವರ್ಷದ ನಂತರ. ನಾರ್ವೆಯವರೇ ಆದ ಆರ್ಮವರ್ ಹಾನ್ಸನ್ 1873ರಲ್ಲೇ ಕುಷ್ಠದ ರೋಗಾಣುವನ್ನು ಬೆರ್ಗನ್‌ನಲ್ಲಿ ಕಂಡಿದ್ದರು, ಕ್ಷಯದ್ದು ಅದರ ದಾಯಾದಿ. ಔಷಧಿ, ಅಂದರೆ ಸ್ಟ್ರೆಪ್ಟೊಮೈಸಿನ್, ಸಿಕ್ಕಿದ್ದು 1943ರಲ್ಲಿ. ಮುಂಕ್ ತೀರಿಕೊಂಡದ್ದು 1944ರ ಜನವರಿ. ಅವನ ಜೀವಮಾನವಿಡೀ ಈ ರೋಗಕ್ಕೆ ಮದ್ದಿರಲಿಲ್ಲ.

ಅರಮನೆಯವರನ್ನೂ ಅದು ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ, ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ, ಅವರ ನೆನಪಿನದು.

ಧಾರವಾಡದ ತಂಗಿ, ಇನ್ನೊಂದು ಮಾತು. ತಾಟು, ಲೋಟ ಬೇರೆ ಇಡಬೇಕಿರಲಿಲ್ಲ. ರೋಗ ಹರಡುವುದು ಕೆಮ್ಮಿದಾಗ ಗಾಳಿಯಲ್ಲಿ, ಪಾತ್ರೆಯಿಂದಲ್ಲ. 1950ರ ದಶಕದಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನ, ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಗುಣವಾಗುತ್ತಾರೆ ಎಂದು ತೋರಿಸಿತು. ಈಗ ಔಷಧಿ ಸರ್ಕಾರದಿಂದ ಉಚಿತ. ಆದರೂ ಹೆಣ್ಣುಮಗಳಿಗೆ ಟಿ.ಬಿ. ಅಂದರೆ ಮನೆಯವರು ಮುಚ್ಚಿಡುತ್ತಾರೆ, ಮದುವೆ ಆಗುವುದಿಲ್ಲ ಎಂದು. ನನ್ನ ಕೋಣೆಯಲ್ಲಿ ಎಷ್ಟೋ ಹುಡುಗಿಯರು ಹೀಗೇ ಪಕ್ಕಕ್ಕೆ ಮುಖ ಮಾಡಿ ಕೂತದ್ದನ್ನು ಕಂಡಿದ್ದೇನೆ. ನನ್ನನ್ನು ಕೇಳಿದರೆ ಆ ಚಿತ್ರವನ್ನು ಹಾಕಬೇಕು, ನಾಲ್ಕು ಜನ ಕೇಳಬೇಕು, ನೀವು ಹೇಳಬೇಕು.

ಧಾರವಾಡ_ಫೇಡೆ
ಡಾಕ್ಟರ್ ಸಾಹೇಬ್ರ, ನಿಮ್ಮ ಮಾತು ಅಜ್ಜಿ ಕೇಳಬೇಕಾಗಿತ್ತು. ಆಕಿ ಮುಟ್ಟಿ ತಲಿ ಬಾಚಿದ್ದಕ್ಕ ಮನಿ ಮಂದಿ ಎಲ್ಲಾ ಬೈತಿದ್ರಂತ.

ಹಳೇ_ಮೈಸೂರು
ಪಿ.ಕೆ. ಸ್ಯಾನಟೋರಿಯಂ ಮುಂದೆ ದಿನಾ ಓಡಾಡ್ತೀನಿ, ಪೂರ್ತಿ ಹೆಸರಿನ ಹಿಂದೆ ಇಂಥ ಕಥೆ ಇದೆ ಅಂತ ಯೋಚಿಸಿರಲಿಲ್ಲ.

ಗುಂಡಪ್ಪನ_ಅಂಗಡಿ
ಈ ಲಿಥೋ ಒಂದಕ್ಕೆ ಎಷ್ಟು ಬೆಲೆ ಇರಬಹುದು?

ಓದುಗ 77
ನಮ್ಮ ಕೈಗೆ ಎಟುಕೋದಲ್ಲ ಬಿಡಿ.

ಚಿತ್ರಪಟ
ಬೆಲೆಗಿಂತ ನನಗೆ ಕಾಡೋ ಪ್ರಶ್ನೆ ಬೇರೆ. ಎಣ್ಣೆಚಿತ್ರದಲ್ಲಿ ಅಳೋ ಹೆಂಗಸು ಇದ್ದಳು. ಕಲ್ಲಚ್ಚಿಗೆ ಬರುವಾಗ ಅವಳನ್ನ ತೆಗೆದುಹಾಕಿದ. ಬಾಟಲಿ ಇಲ್ಲ, ಲೋಟ ಇಲ್ಲ, ಹಿಡಿದ ಕೈ ಇಲ್ಲ. ತಲೆ, ದಿಂಬು ಅಷ್ಟೇ. ಎಣ್ಣೆಚಿತ್ರ ಸುಮಾರು 120 ಸೆಂಟಿಮೀಟರ್ ಚೌಕ, ಕಲ್ಲಚ್ಚು ಅದರ ಅರ್ಧ ಅಗಲವೂ ಇಲ್ಲ. ಯಾಕೆ ತೆಗೆದ? ನನ್ನ ಪ್ರಕಾರ ಆ ಹೆಂಗಸಿನ ಜಾಗದಲ್ಲಿ ನಾವು ಕೂರಬೇಕು ಅಂತ. ಅಳೋ ಕೆಲಸವನ್ನ ಚಿತ್ರದೊಳಗೆ ಬೇರೆ ಯಾರೋ ಮಾಡ್ತಾ ಇದ್ರೆ ನಾವು ಬರೀ ನೋಡಿ ಹೋಗ್ತೀವಿ.

ಶಿಲೆ_ಮಸಿ
ಅರ್ಧ ಒಪ್ತೀನಿ. ಹೆಂಗಸಿನ ಜಾಗ ಅಂದ್ರಲ್ಲ, ಅದು ಸರಿ ಕೂರಲ್ಲ. ಹುಡುಗಿ ಬಲಕ್ಕೆ ನೋಡ್ತಾ ಇದ್ದಾಳೆ. ಎಣ್ಣೆಚಿತ್ರದಲ್ಲಿ ಹೆಂಗಸು ಕೂತಿರೋದೂ ಬಲಗಡೆಯೇ. ನಾವು ಅಲ್ಲಿಲ್ಲ, ಕುರ್ಚಿಯ ಪಕ್ಕದಲ್ಲಿ ಇದ್ದೀವಿ. ಅವಳು ನಮ್ಮನ್ನ ನೋಡ್ತಾನೇ ಇಲ್ಲ.

ಓದುಗ 77
ಹೌದು. ಅದಕ್ಕೇ ನನಗೆ ಕ್ರೋಗ್ ಹೆಚ್ಚು ಅನ್ನಿಸಿದ್ದು. ಇವಳು ನಮ್ಮನ್ನ ಬಿಟ್ಟು ಬೇರೆಲ್ಲೋ ಇದ್ದಾಳೆ.

ಶಿಲೆ_ಮಸಿ
ಹಾಗಾದ್ರೆ ಪಕ್ಕದಲ್ಲಿ ನಿಂತು ನೋಡ್ತಾ ಇದ್ದವರು ಯಾರು ಅಂತ ಯೋಚಿಸಿ. ಮುಂಕ್ ಹುಟ್ಟಿದ್ದು 1863ರ ಡಿಸೆಂಬರ್. ಸೋಫಿ ಹೋದಾಗ ಅವನಿಗೆ ಹದಿಮೂರು. ದೊಡ್ಡವರು ಕುರ್ಚಿಯ ಎದುರಿಗೆ ಕೂತಿರ್ತಾರೆ, ಹದಿಮೂರರ ಹುಡುಗ ಪಕ್ಕದಲ್ಲಿ ಎಲ್ಲೋ ನಿಂತಿರ್ತಾನೆ, ಅವನಿಗೆ ಕಾಣೋದು ಅಕ್ಕನ ಕೆನ್ನೆ, ಕಿವಿ, ಕೂದಲು. ಕಲ್ಲಚ್ಚಿನಲ್ಲಿ ಉಳಿದಿರೋದೂ ಅದೇ. ದೊಡ್ಡವರನ್ನೆಲ್ಲ ತೆಗೆದು ತಮ್ಮನಿಗೆ ಕಂಡದ್ದನ್ನ ಮಾತ್ರ ಇಟ್ಟುಕೊಂಡಿದ್ದಾನೆ ಅನ್ಸುತ್ತೆ ನನಗೆ.

ಇನ್ನೊಂದು, 1895ರ ಕೊನೆಗೆ ಅವನ ತಮ್ಮ ಆಂಡ್ರಿಯಾಸ್ ನ್ಯುಮೋನಿಯಾದಿಂದ ಹೋದ. ಮರುವರ್ಷವೇ ಈ ಕಲ್ಲಚ್ಚು. ಒಂದಕ್ಕೊಂದು ಗಂಟು ಹಾಕೋದು ಸರಿಯೋ ತಪ್ಪೋ, ನನ್ನ ಮನಸ್ಸಿನಲ್ಲಂತೂ ಬಿದ್ದಿದೆ.

ಚಿತ್ರಪಟ
ನಾನು ಹೇಳಿದ್ದಕ್ಕಿಂತ ಇದು ಸರಿ. ತಮ್ಮನ ಜಾಗ.

ಓದುಗ 77
ನನಗೆ ಇದು ಸ್ವಲ್ಪ ಎಳೆದು ತಂದ ಹಾಗೆ ಕಾಣುತ್ತೆ. ಪಕ್ಕದ ನೋಟ ಬರೆಯೋದು ಆ ಕಾಲದ ಸಾಮಾನ್ಯ ಪದ್ಧತಿ. ಎಣ್ಣೆಚಿತ್ರವೂ ಪಕ್ಕದಿಂದಲೇ ತಾನೇ?

ಶಿಲೆ_ಮಸಿ
ಹೌದು, ಅಲ್ಲೂ ಪಕ್ಕದಿಂದಲೇ. ಆದ್ರೆ ಅಲ್ಲಿ ನೋಡೋಕೆ ಬೇರೆಯೂ ಇದೆ. ಇಲ್ಲಿ ಕಣ್ಣು ತಿರುಗಿಸೋಕೆ ಬೇರೆ ಜಾಗ ಬಿಟ್ಟಿಲ್ಲ.

ಕೆಲಸಗಾರ್ತಿಯಾಗಿ ಒಂದು ಮಾತು. ಕಲ್ಲಿನ ಮೇಲೆ ನೇರ ಬರೆದದ್ದು ಅಚ್ಚಿನಲ್ಲಿ ತಿರುವಾಗುತ್ತೆ. ಎಣ್ಣೆಚಿತ್ರದಲ್ಲೂ ಬಲಕ್ಕೆ, ಅಚ್ಚಿನಲ್ಲೂ ಬಲಕ್ಕೆ ಇದ್ದಾಳೆ ಅಂದ್ರೆ, ಮುಖದ ದಿಕ್ಕನ್ನ ಯೋಚಿಸಿಯೇ ಉಳಿಸಿಕೊಂಡಿದ್ದಾನೆ.

ಮಲ್ಲಿಗೆ_ಮೊಗ್ಗು
ಮೊದಲು ‘ಹಾಕ್ತಿರಲಿಲ್ಲ’ ಅಂತ ಬರೆದವಳು ನಾನೇ. ಕಾರಣ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಮಗನಿಗೆ ಡೆಂಗಿ ಆಗಿ ಐದು ರಾತ್ರಿ ಆಸ್ಪತ್ರೆಯಲ್ಲಿ ಇದ್ವಿ. ಪ್ಲೇಟ್‌ಲೆಟ್ ಇಳೀತಾನೇ ಇತ್ತು. ನಾನು ಎದುರಿಗೆ ಕೂತಿರ್ತಿದ್ದೆ, ಅವನು ಕಿಟಕಿ ಕಡೆ ಮುಖ ಮಾಡಿ ಮಲಗಿರ್ತಿದ್ದ. ಹೊರಗೆ ಏನೂ ಇರಲಿಲ್ಲ, ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ‘ಏನ್ ನೋಡ್ತಿದೀಯ ಕಂದಾ’ ಅಂದ್ರೆ ‘ಏನಿಲ್ಲಮ್ಮಾ’ ಅಂತಿದ್ದ. ಈ ಚಿತ್ರದ ಮುಖ ಅದೇ ಮುಖ. ಅವನೀಗ ಚೆನ್ನಾಗಿದ್ದಾನೆ, ಹೊರಗೆ ಕ್ರಿಕೆಟ್ ಆಡ್ತಾ ಇದ್ದಾನೆ. ಆದ್ರೂ ನನಗೆ ದಿನಾ ನೋಡೋಕೆ ಆಗಲ್ಲ.

ಆದ್ರೆ ನಮ್ಮ ಮನೆಯಲ್ಲಿ ಅವನ ಅಕ್ಕನೂ ಇದ್ಲು, ಒಂಬತ್ತು ವರ್ಷ. ಅವಳನ್ನ ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ವಿ. ಅವಳಿಗೆ ಏನನ್ನಿಸಿತು ಅಂತ ಇವತ್ತಿನ ತನಕ ನಾನು ಕೇಳಿಲ್ಲ. ಶಿಲೆ_ಮಸಿ ಬರೆದದ್ದು ಓದಿದ ಮೇಲೆ ಅದೇ ಯೋಚನೆ.

ಧಾರವಾಡ_ಫೇಡೆ
ಇವತ್ತ ಕೇಳ್ರಿ ತಂಗಿ.

ಕುಡ್ಲದವ
ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿ ಒಂದು ನೋಡಿದ್ದೇನೆ, ಎಣ್ಣೆಚಿತ್ರ. ಅದು ನಾರ್ವೆಯಿಂದ ಅಲ್ಲಿಗೆ ಹೇಗೆ ಹೋಯ್ತು?

ಚಿತ್ರಪಟ
ಅದು 1907ರದ್ದು. ಈ ಚಿತ್ರವನ್ನ ಅವನು ನಲವತ್ತು ವರ್ಷದಲ್ಲಿ ಆರು ಸಲ ಎಣ್ಣೆಯಲ್ಲಿ ಬರೆದ. ಒಂದು ಸ್ವೀಡನ್ನಿನ ಯೋತೆಬೋರಿಯಲ್ಲಿ, ಒಂದು ಸ್ಟಾಕ್‌ಹೋಮ್‌ನ ಥೀಲ್ ಗ್ಯಾಲರಿಯಲ್ಲಿ ಇದೆ. ಟೇಟ್‌ನದು ಮೊದಲು ಜರ್ಮನಿಯ ಡ್ರೆಸ್ಡೆನ್‌ನಲ್ಲಿತ್ತು. ನಾಜಿಗಳು ಮುಂಕ್‌ನ 82 ಕೃತಿಗಳನ್ನ ‘ಕೆಟ್ಟ ಕಲೆ’ ಅಂತ ಜರ್ಮನ್ ಮ್ಯೂಸಿಯಂಗಳಿಂದ ಕಿತ್ತುಹಾಕಿದ್ರು, ಅದರಲ್ಲಿ ಇದೂ ಒಂದು. ನಾರ್ವೆಯ ಹಡಗು ಉದ್ಯಮಿ ಥಾಮಸ್ ಓಲ್ಸೆನ್ ಕೊಂಡುಕೊಂಡು 1939ರಲ್ಲಿ ಟೇಟ್‌ಗೆ ಕೊಟ್ಟರು.

ಕುಡ್ಲದವ
ಕಾಯಿಲೆ ಬಿದ್ದ ಒಂದು ಮಗುವಿನ ಚಿತ್ರ ಅವರಿಗೆ ಏನು ಮಾಡಿತ್ತು ಮಾರಾಯ್ರೆ!

ಫ್ಯೋರ್ಡ್_ಕನ್ನಡಿಗ
ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಅಮ್ಮನಿಗೂ ಓದಿ ಹೇಳಿದೆ. ಧಾರವಾಡದ ಅಕ್ಕನ ಹಣಿಗೆ ವಿಷಯ ಬಂದಾಗ ಅಮ್ಮ ಸುಮ್ಮನಾದ್ರು. ಆಮೇಲೆ ಪೋಸ್ಟರ್ ಮತ್ತೆ ಬಿಚ್ಚಿಸಿ ನೋಡಿದ್ರು. “ಈ ಮಗೂಗೆ ತಾಯಿ ಇರಲಿಲ್ವಾ?” ಅಂದ್ರು. ಇರಲಿಲ್ಲ, ಚಿಕ್ಕಮ್ಮ ನೋಡಿಕೊಂಡಳು ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಬಾಗಿಲ ಎದುರಿಗೆ ಬೇಡ. ನಿನ್ನ ಓದೋ ರೂಮಲ್ಲಿ ಹಾಕ್ಕೋ. ದಿಂಬಿನ ಕಡೆ ಕತ್ತಲೆ ಬರದ ಹಾಗೆ ನೋಡ್ಕೋ” ಅಂದ್ರು.

ಇವತ್ತು ಫ್ರೇಮ್ ಅಂಗಡಿಗೆ ಹೋಗ್ತಾ ಇದ್ದೀನಿ. @ಶಿಲೆ_ಮಸಿ ಮೇಡಂ, ಚಿತ್ರದ ಸುತ್ತ ಯಾವ ಬಣ್ಣದ ಮೌಂಟ್ ಪಟ್ಟಿ ಹಾಕಿಸಲಿ?

ಶಿಲೆ_ಮಸಿ
ಅಚ್ಚ ಬಿಳಿ ಬೇಡ, ಕೆಂಪು ಕಿರುಚಿದ ಹಾಗೆ ಕಾಣುತ್ತೆ. ಹಳೇ ಕಾಗದದ ಬಣ್ಣ, ನಸು ಕೆನೆ, ನಾಲ್ಕು ಬೆರಳು ಅಗಲ. ಗಾಜು ಹೊಳಪಿಲ್ಲದ್ದು ಹಾಕಿಸಿ, ಇಲ್ಲದಿದ್ರೆ ಅವಳ ಮುಖದ ಮೇಲೆ ನಿಮ್ಮ ಕಿಟಕಿ ಕಾಣುತ್ತೆ. ನೇರ ಬಿಸಿಲು ಬೀಳೋ ಗೋಡೆ ತಪ್ಪಿಸಿ, ಪೋಸ್ಟರ್ ಆದ್ರೂ ಬಣ್ಣ ಹೋಗುತ್ತೆ.

ಗುಂಡಪ್ಪನ_ಅಂಗಡಿ
ಹಾಕಿದ ಮೇಲೆ ಫೋಟೋ ಕಳಿಸಿ ಸರ್.